ಪರಮಣ್ಣ ಹೇಳಿದ ಮೂರನೇ ನಂಬರ್

ಶಹಾಪುರದಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಪರಮಣ್ಣ ಇಪ್ಪತ್ತೊಂಬತ್ತು ವರ್ಷದಿಂದ ಹತ್ತಿ ನೋಡುವವನು. ರೈತರ ಗಾಡಿಯಿಂದ ಒಂದು ಹಿಡಿ ಹಿರಿದು, ಎರಡು ಹೆಬ್ಬೆರಳ ನಡುವೆ ಎಳೆದು, ತೇವ ತಿಳಿಯಲು ಕೆಳತುಟಿಗೆ ಒತ್ತಿಕೊಂಡು, ಒಂದನೇ ನಂಬರೋ ಎರಡೋ ಮೂರೋ ಹೇಳುತ್ತಿದ್ದ. ರೈತನಿಗೆ ಸಿಗುವ ದರ ಆ ಮಾತಿನ ಮೇಲೆ: ಒಂದಕ್ಕೆ ಹೆಚ್ಚು, ಮೂರಕ್ಕೆ ಕಡಿಮೆ. ಅದೇ ಹಿಡಿಯಲ್ಲಿ ಹತ್ತಿ ಯಾವ ಹೊಲದ್ದು, ಬಿಡಿಸುವಾಗ ಅತ್ತೆ-ಸೊಸೆ ಜಗಳವಾಡಿದ್ದರೆ ಗೆದ್ದವರು ಯಾರು ಎಂಬುದನ್ನೂ ಹೇಳುತ್ತಿದ್ದ. ಸೋತವರು ಒಪ್ಪುತ್ತಿರಲಿಲ್ಲ, ಅಷ್ಟೆ.

ಈ ವರ್ಷ ಮಿಲ್ಲಿಗೆ ಒಂದು ಪೆಟ್ಟಿಗೆ ಬಂತು. ಒಳಗೆ ಕ್ಯಾಮೆರಾ, ಮೇಲೆ ಪರದೆ. ಹತ್ತಿ ಇಟ್ಟರೆ ತಾನೇ ನಂಬರ್ ಹೇಳುತ್ತದಂತೆ. ತಂದವಳು ಯಾದಗಿರಿಯ ಎಂಜಿನಿಯರ್ ಹುಡುಗಿ ನಂದಿನಿ.

"ಕಾಕಾ, ಇದಕ್ಕ ಇನ್ನೂ ಬುದ್ಧಿ ಸಾಲದು. ನೀವು ಒಂದು ತಿಂಗಳು ಕಲಿಸ್ರಿ."

"ಅದು ಕಲ್ತ ಮ್ಯಾಲ ನಾ ಏನ್ ಮಾಡ್ಲಿ ಯವ್ವಾ?"

ನಂದಿನಿ ಪರದೆ ಒರೆಸತೊಡಗಿದಳು.

ಅಂದಿನಿಂದ ಪರಮಣ್ಣನ ಎದೆ ಹೊಡೆದುಕೊಂಡ ರಭಸಕ್ಕೆ ಗೋದಾಮಿನ ಹತ್ತಿ ಅಂಡಿಗೆಗಳು ಒಂದೊಂದು ಗೇಣು ಸರಿದವು. ಹೆಂಡತಿ ಮಾನಮ್ಮ ಬಡಿದ ರೊಟ್ಟಿ ಬುಟ್ಟಿಯಲ್ಲೇ ಉಳಿಯತೊಡಗಿತು. ಅವನು ಹೇಳಿದ್ದನ್ನೆಲ್ಲ ಪೆಟ್ಟಿಗೆ ನುಂಗುತ್ತಿತ್ತು. ಇಪ್ಪತ್ತು ದಿನಕ್ಕೆ, ಅವನು ಬಾಯಿ ತೆರೆಯುವ ಮೊದಲೇ ಪರದೆಯ ಮೇಲೆ ನಂಬರ್ ಮೂಡತೊಡಗಿತು. ಆಗ ಅವನಿಗೆ ಒಂದೇ ದಾರಿ ಕಂಡಿತು: ತಪ್ಪು ಹೇಳುವುದು. ಪೆಟ್ಟಿಗೆ ಸರಿಯಿಲ್ಲವೆಂದರೆ ಮಿಲ್ಲಿನ ಸಾವ್ಕಾರರು ವಾಪಸು ಕಳಿಸುತ್ತಾರೆ, ಕೆಲಸ ಉಳಿಯುತ್ತದೆ.

ಮರುದಿನ ಗೋಗಿ ಊರಿನ ಸುಗಲಮ್ಮ ಟಂಟಂ ಆಟೊದಲ್ಲಿ ಹತ್ತಿ ತಂದಳು. ಮೊಲದ ಮರಿಯ ಮೈಯಂಥ ಹತ್ತಿ. ಪರಮಣ್ಣ ಎತ್ತಲೋ ನೋಡುತ್ತ, "ಮೂರನೇ ನಂಬರ್," ಎಂದ. ಪರದೆ ಒಂದು ಎಂದಿತು.

ಸಾವ್ಕಾರರು ಕನ್ನಡಕ ಏರಿಸುತ್ತ ಬಂದರು. "ಯಾರದು ಖರೆ, ಪರಮಣ್ಣ? ನಿಂದೇ ಖರೆ ಅಂದ್ರ ಈ ಡಬ್ಬಿ ಇವತ್ತೇ ವಾಪಸ್."

ಅವನ ನಾಲಿಗೆ ಒಣಗಿತು. ಕೃಷ್ಣಾ ನದಿಯನ್ನೇ ತಿರುಗಿಸಿ ಬಿಟ್ಟಿದ್ದರೂ ತೊಯ್ಯುತ್ತಿರಲಿಲ್ಲ. ನನ್ನದೇ ಖರೆ ಎಂದರೆ ಸಾಕಿತ್ತು. ಸುಗಲಮ್ಮ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ.

"ಡಬ್ಬಿಗೇನ್ ತಿಳೀತದ್ರೀ ಸಾವ್ಕಾರ್ರ. ಪರಮಣ್ಣ ಮೂರು ಅಂದ್ರ ಮೂರೇ. ನನ್ನ ಹತ್ತೀನೇ ಸುಮಾರ ಇದ್ದೀತು," ಎಂದು ಚೀಲ ಇಳಿಸಲು ಹೋದಳು.

ಪರಮಣ್ಣ ಚೀಲಕ್ಕೆ ಕೈ ಅಡ್ಡ ಹಿಡಿದ. "ಒಂದನೇ ನಂಬರ್ ಅದ ರೀ," ಎಂದ. "ನಾನೇ ತಪ್ಪು ಹೇಳೀನಿ. ಬೇಕಂತಲೇ."

ಸುಗಲಮ್ಮ ಚೀಲ ಅಲ್ಲೇ ಬಿಟ್ಟಳು. "ಯಣ್ಣಾ, ಇಷ್ಟು ವರ್ಷದಾಗ ಹಿಂಗ ಎಷ್ಟ್ ಸಲ ಹೇಳಿದಿ?"

ಇದೇ ಮೊದಲ ಸಲವೆಂದು ಆಣೆ ಮಾಡಬೇಕೆನಿಸಿತು. ಈಗ ಆಣೆಯನ್ನು ನಂಬುವವರು ಯಾರು? ಸಾವ್ಕಾರರು ಬೈಯಲೂ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ನಾಳಿಯಿಂದ ನಂಬರ್ ಡಬ್ಬೀನೇ ಹೇಳ್ಲಿ. ನೀ ಅದರ ಮುಂದ ಹತ್ತಿ ಇಡು. ಮುಂದಿನ ವರ್ಷದ್ದು ಮುಂದ ನೋಡೂಣು."

ಹಿಂದೆ ದಿನಕ್ಕೆ ನಲವತ್ತು ಗಾಡಿ ಸಾಗುತ್ತಿದ್ದವು, ಈಗ ನೂರು ದಾಟುತ್ತವೆ. ತುಟಿಗೆ ಒತ್ತಿಕೊಳ್ಳಲು ಪುರುಸೊತ್ತಿಲ್ಲ. ಮೊನ್ನೆ ಸುರಪುರ ಕಡೆಯ ಮುದುಕನೊಬ್ಬ ಹಳೆಯ ಸಲಿಗೆಯಿಂದ ಅವನ ಕೈಗೆ ಒಂದು ಹಿಡಿ ತುರುಕಿ, "ನೀ ಏನಂತಿ?" ಎಂದ. ಪರಮಣ್ಣ ಎಳೆ ಎಳೆದ. ಬೆರಳಿಗೆ ಏನೋ ತಿಳಿಯಿತು. ಹೇಳುವ ಮೊದಲೇ ಕತ್ತು ಪರದೆಯ ಕಡೆ ಹೊರಳಿತು. ಕರೆಂಟು ಹೋಗಿ ಪರದೆ ಖಾಲಿ ಇತ್ತು.

ಮುದುಕ ಕಾಯುತ್ತ ನಿಂತ. ಪರಮಣ್ಣ ಮತ್ತೆ ಎಳೆದ, ಕೆಳತುಟಿಗೆ ಒತ್ತಿಕೊಂಡ; ಒಂದೋ ಎರಡೋ, ಪರದೆ ಹೇಳದೆ ತನ್ನ ಬೆರಳನ್ನು ಅವನಿಗೇ ನಂಬಲಾಗಲಿಲ್ಲ.