ಕೊಬ್ಬರಿ ಅಟ್ಟದಲ್ಲಿ ಮೂರು ನಿಮಿಷ

ಗಿರಿಜಾ, ಅವತ್ತು ನೀನು ಬಾಗಿಲು ತಟ್ಟಿದ್ದು ನನಗೆ ಕೇಳಿಸಿತ್ತು. ಮೂರು ಸಲ, ಬಿಡಿಬಿಡಿಯಾಗಿ, ನಾನೇ ಹೇಳಿಕೊಟ್ಟಿದ್ದ ಹಾಗೆ. ನೀನು ತಟ್ಟಲೇ ಇಲ್ಲ ಎಂದು ಊರಿಗೆಲ್ಲ ಹೇಳಿದೆನಲ್ಲ — ಅದು ಸುಳ್ಳು.

ನಮ್ಮ ದೇಶದವರೊಬ್ಬರು ಬಾಹ್ಯಾಕಾಶಕ್ಕೆ ಹೋಗಿಬಂದ ವರ್ಷ ಅದು. ನಾನು ದಬ್ಬೇಘಟ್ಟದ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ನೀನು ಒಂಬತ್ತನೇ ತರಗತಿ. ಗಗನಯಾತ್ರಿಗಳಿಗೆ ಬೆಂಕಿಯ ತರಬೇತಿ ಕೊಡುತ್ತಾರೆಂದು ಎಲ್ಲೋ ಓದಿದ್ದೆ. ನೌಕೆಗೆ ಬೆಂಕಿ ಬಿದ್ದರೆ ಬಾಗಿಲು ತೆಗೆದು ಓಡುವ ಹಾಗಿಲ್ಲ — ಹೊರಗೆ ಗಾಳಿಯೇ ಇಲ್ಲ. ಹೊಗೆಯಲ್ಲೇ ತಡಕಾಡಿ ಮುಖವಾಡ ಹಾಕಿಕೊಳ್ಳಬೇಕು, ಬೆಂಕಿಗೆ ಗಾಳಿಯೂದುವ ಫ್ಯಾನು ನಿಲ್ಲಿಸಬೇಕು, ಧೈರ್ಯಗೆಡಬಾರದು. ಅದನ್ನು ಮಕ್ಕಳಿಂದ ಮಾಡಿಸಿ ತೋರಿಸುವ ಹುಚ್ಚು ನನಗೆ ಹತ್ತಿತು.

ನೌಕೆಯಾಗಿ ಸಿಕ್ಕಿದ್ದು ಶಾಲಾ ಸಮಿತಿಯ ಅಧ್ಯಕ್ಷರ ಮನೆಯ ಕೊಬ್ಬರಿ ಅಟ್ಟ. ಮಳೆಗಾಲದಲ್ಲಿ ಅಟ್ಟದ ಕಾಯಿಗೆ ಶೀತ ಹಿಡಿಯದಿರಲೆಂದು ಕೆಳಗೆ ತೆಂಗಿನ ಮಟ್ಟೆಯ ಹೊಗೆ ಹಾಕುವುದು ನಮ್ಮಲ್ಲಿ ರೂಢಿ. ಹಾಗಾಗಿ ಹೊಗೆಯೆಂದರೆ ಯಾರಿಗೂ ಭಯವೇ ಇರಲಿಲ್ಲ. ಸಂದು ಬಿಟ್ಟು ಜೋಡಿಸಿದ ಅಡಿಕೆ ಮರದ ದಬ್ಬೆಯ ನೆಲ, ಒಂದೇ ಪುಟ್ಟ ಬಾಗಿಲು, ಹೊರಗಿನಿಂದ ಚಿಲಕ. ನೀನು ಒದ್ದೆ ಬಟ್ಟೆ ಹುಡುಕಿ ಮೂಗಿಗೆ ಕಟ್ಟಿಕೊಂಡು ಮೂರು ನಿಮಿಷ ಒಳಗಿರಬೇಕು. ತಡೆಯಲಾಗದಿದ್ದರೆ ಮೂರು ಸಲ ತಟ್ಟಬೇಕು, ನಾನು ತೆಗೆಯುತ್ತೇನೆ — ಇದು ನಮ್ಮ ಕರಾರು.

ಕೆಳಗೆ ಕುರ್ಚಿ ಹಾಕಿ ಕೂತಿದ್ದ ಅಧ್ಯಕ್ಷರು ನಕ್ಕರು. "ಇಷ್ಟೇನಾ ಹೊಗೆ, ಮೇಷ್ಟ್ರೇ? ನಮ್ ಹೆಂಗಸ್ರು ಒಲೆ ಮುಂದೆ ಇದ್ಕಿಂತ ಜಾಸ್ತಿ ಕುಡೀತಾರೆ ಕಣ್ರೀ."

ನನಗೆ ರೇಗಿತು. ಹಸಿ ಮಟ್ಟೆ ಇನ್ನಷ್ಟು ಒಟ್ಟಿಸಿದೆ.

ನಿನ್ನನ್ನು ಒಳಗೆ ಬಿಟ್ಟು ಚಿಲಕ ಹಾಕಿ, ಏಣಿಯ ಮೇಲೆ, ಚಿಲಕದ ಪಕ್ಕದಲ್ಲೇ, ಗಡಿಯಾರ ನೋಡುತ್ತ ನಿಂತಿದ್ದೆ. ಒಂದೂವರೆ ನಿಮಿಷಕ್ಕೆ ನೀನು ತಟ್ಟಿದೆ, ಏಣಿಯ ಮೇಲಿದ್ದ ನನಗಷ್ಟೇ ಕೇಳುವ ಹಾಗೆ. ಕೈ ಚಿಲಕಕ್ಕೆ ಹೋಯಿತು — ಹೋಗಿ ಅಲ್ಲೇ ನಿಂತಿತು. ಅಧ್ಯಕ್ಷರು ನೋಡುತ್ತಿದ್ದರು. ಇನ್ನೊಂದು ಚೂರು, ಮೂರು ನಿಮಿಷ ಆಗಿಬಿಡಲಿ... ನೀನು ಮತ್ತೆ ತಟ್ಟಿದೆ. ಆಮೇಲೆ ಹಲಗೆ ಕೆರೆಯುವ ಸದ್ದು. ಆಮೇಲೆ ಅದೂ ಇಲ್ಲ. ಆಗ ತೆಗೆದೆ.

ಬಾಗಿಲ ಬುಡದಲ್ಲೇ ಬಿದ್ದಿದ್ದ ನಿನ್ನನ್ನು ಹೊತ್ತು ಇಳಿಸಿದೆವು. ಪುಣ್ಯಕ್ಕೆ ನೀನು ಬದುಕಿದೆ. ಹುಡುಗಿ ಗಾಬರಿಯಲ್ಲಿ ತಟ್ಟುವುದನ್ನೇ ಮರೆತಳು ಎಂದು ಹೇಳಿ ನಾನೂ ಬಚಾವಾದೆ. "ಹೊಗೆಗೇ ಹಿಂಗಾಡೋಳು ಓದಿ ಏನ್ ಮಾಡ್ತಾಳೆ, ಸಾಕು ಬುಡಿ" ಎಂದು ನಿಮ್ಮಪ್ಪ ಶಾಲೆ ಬಿಡಿಸಿದರು. ನಾನು ಒಂದು ಮಾತು ಆಡಿದ್ದರೆ ನಿನ್ನ ಓದು ಉಳಿಯುತ್ತಿತ್ತು. ಆಡಲಿಲ್ಲ.

ಮಾಯಸಂದ್ರದ ನಿನ್ನ ಮನೆಯಲ್ಲಿ ನೀನು ಈಗಲೂ ಬಾಗಿಲು ಹಾಕಿಕೊಂಡು ಮಲಗುವುದಿಲ್ಲವಂತೆ. ನನಗೂ ಅಷ್ಟೇ, ಆ ಸುಳ್ಳಿನಿಂದ ಹೊರಬರುವ ದಾರಿ ಇಷ್ಟು ವರ್ಷ ಕಾಣಲಿಲ್ಲ — ಅಲ್ಲ, ಕಾಣುತ್ತಿತ್ತು. ಹೋಗಲಿಲ್ಲ. ಈ ಕಾಗದವನ್ನು ನಿನ್ನ ಮಕ್ಕಳ ಮುಂದೆಯೇ ಓದು.

ಶಾಲೆ ಬಿಟ್ಟ ಮೇಲೆ ಲೈಬ್ರರಿ ಪುಸ್ತಕ ಹಿಂದಿರುಗಿಸಲು ಬಂದ ದಿನ ನೀನು ತಲೆ ತಗ್ಗಿಸಿ ಅಂದೆ: "ತಟ್ಟಿದೆ ಅನ್ಕಂಡಿದ್ದೆ ಸಾ... ತಟ್ಲೇ ಇಲ್ವೇನೋ. ನನ್ನಿಂದ ನಿಮ್ಗೆ ಅವಮಾನ ಆಯ್ತು. ತಪ್ಪಾಯ್ತು ಸಾ."

ನಾನು "ಹೋಗ್ಲಿ ಬಿಡು" ಎಂದೆ. ಗಿರಿಜಾ, ನಾನು ಅವತ್ತು ನಿನ್ನನ್ನು ಕ್ಷಮಿಸಿ ಕಳಿಸಿದೆ.