ಮೀಟರಿಗೆ ಕಿವಿಯಿಲ್ಲ

ಗೋಡೆಯಾಚೆ ಯಂತ್ರವೊಂದು ಉಸ್ಸೆಂದು ಗಾಳಿ ಬಿಡುತ್ತದೆ. ತುಸು ತಡೆದು ಮತ್ತೆ ಉಸ್ಸೆನ್ನುತ್ತದೆ. ಆ ಸದ್ದಿನಲ್ಲೇ ಮೀಟರಕ್ಕ ತಲೆ ಬಾಚಿ, ಬುತ್ತಿ ಕಟ್ಟಿ, ಚೀಲ ಹೆಗಲಿಗೇರಿಸುತ್ತಾಳೆ. ಮನೆಮನೆಯ ಕರೆಂಟಿನ ಮೀಟರ್ ಓದಿ ಬಿಲ್ ಕೊಡುವುದು ಅವಳ ಕೆಲಸ. ಬಿಲ್ ಏರಿದರೆ ಮೊದಲ ಬೈಗುಳವೂ ಅವಳಿಗೇ. ಯಾರಿಗೂ ಎದುರು ಮಾತಾಡಿದವಳಲ್ಲ.

ಯಂತ್ರ ಪಕ್ಕದ ಮನೆಯ ಡ್ರೈವರ್ ಮಾವನದು. ಬಸ್ಸು ಓಡಿಸಿ ನಿವೃತ್ತರಾದ ಅವರ ಶ್ವಾಸಕೋಶ ಸೋತಿದೆ. ಯಂತ್ರ ಕೊಡುವ ಆಮ್ಲಜನಕವಿಲ್ಲದೆ ಇರಕೂಡದೆಂದು ಡಾಕ್ಟರ್ ಹೇಳಿದ್ದಾರೆ.

ಆ ಬೆಳಿಗ್ಗೆ ಸದ್ದು ನಿಂತಿತು. ಅವಳ ಮನೆಯ ಫ್ಯಾನ್ ಮಾತ್ರ ತಿರುಗುತ್ತಲೇ ಇತ್ತು. ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ಓಡಿದಳು.

ಮಾವ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ತುಟಿ ನೀಲಿಗಟ್ಟಿತ್ತು.

“ಬಿಲ್ ನೋಡಿದಾಗಿಂದ ಇದೇ ಹಟ, ಆರಿಸಿಬಿಡ್ತಾರೆ. ನೀನಾದ್ರೂ ಹೇಳಮ್ಮ,” ಎಂದರು ಅತ್ತೆ.

“ಬಿಲ್ ಕೊಟ್ಟೋಳೇ ಅವಳು, ಏನು ಹೇಳ್ತಾಳೆ?” ಮಾವ ಏದುಸಿರಲ್ಲೇ ಗೊಣಗಿದರು. “ಅಷ್ಟು ಗಲಾಟೆ ಮಾಡೋ ಯಂತ್ರ ಎಷ್ಟು ಕರೆಂಟ್ ತಿನ್ನಲ್ಲ?”

ಮೀಟರಕ್ಕ ಯಂತ್ರ ಹಾಕಿ, ನಳಿಗೆಯನ್ನು ಅವರ ಮೂಗಿಗೆ ಸರಿಪಡಿಸಿದಳು. ತುಟಿಗೆ ಬಣ್ಣ ಮರಳುವ ತನಕ ಕಾದಳು. “ಮೀಟರಿಗೆ ಕಿವಿಯಿಲ್ಲ ಮಾವ. ಕಣ್ಣು ಮಾತ್ರ ಇದೆ. ನೋಡಿ.”

ಮನೆಯಲ್ಲಿ ಯಂತ್ರವೊಂದನ್ನು ಬಿಟ್ಟು ಎಲ್ಲವನ್ನೂ ಆರಿಸಿದಳು. ಮಾವನ ಎದುರಿನ ಮೀಟರಿನಲ್ಲಿ ಕೆಂಪು ದೀಪ ಮಿಟುಕುತ್ತಿತ್ತು. ಕರೆಂಟ್ ಹೆಚ್ಚು ಓಡಿದಷ್ಟೂ ಅದು ಬೇಗ ಮಿಟುಕುತ್ತದೆ. ಮಿಟುಕುಗಳು ಕೂಡಿ ಯೂನಿಟ್ ಆಗುತ್ತವೆ, ಯೂನಿಟ್‌ಗಳು ಕೂಡಿ ಬಿಲ್.

“ತಿನ್ನುತ್ತಲ್ಲ ಮತ್ತೆ,” ಎಂದರು ಮಾವ.

ಇಲ್ಲವೆನ್ನಬೇಕೆಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೀಟರಿನಲ್ಲಿ ಇಲ್ಲದ್ದನ್ನು ಅವಳು ಎಂದೂ ಓದಿದವಳಲ್ಲ. “ತಿನ್ನುತ್ತೆ,” ಎಂದಳು. “ಈಗ ಅತ್ತೆ, ಫ್ರಿಜ್ ಹಾಕಿ.”

ಕೆಂಪು ದೀಪ ಇಮ್ಮಡಿ ವೇಗದಲ್ಲಿ ಮಿಟುಕತೊಡಗಿತು. ಅಡುಗೆಮನೆಯ ಫ್ರಿಜ್ಜಿನಿಂದ ಸದ್ದೇ ಇಲ್ಲ.

“ಬಾಗಿಲ ರಬ್ಬರ್ ಹೋಗಿದೆ. ತಂಪು ನಿಲ್ಲಲ್ಲ, ಅದೂ ನಿಲ್ಲಲ್ಲ. ಒಳಗೇನಿದೆ ಅತ್ತೆ?”

“ನೀರಿನ ಬಾಟಲಿ. ಅರ್ಧ ನಿಂಬೆಹಣ್ಣು.”

ಮಾವ ದೀಪವನ್ನೇ ಬಹಳ ಹೊತ್ತು ನೋಡಿದರು. “ಖಾಲಿ ಬಸ್ಸನ್ನ ಹಗಲೂ ರಾತ್ರಿ ಸ್ಟಾರ್ಟಲ್ಲೇ ಇಟ್ಟ ಹಾಗಾಯ್ತು.”

“ಅದಕ್ಕೆ ಬೈಲಿಲ್ಲ ನೀವು. ಪ್ಯಾಸೆಂಜರ್ ಇರೋ ಬಸ್ಸನ್ನ ನಿಲ್ಲಿಸೋಕೆ ಹೊರಟ್ರಿ.”

ಅತ್ತೆ ಮುಖ ತಿರುಗಿಸಿಕೊಂಡು ಫ್ರಿಜ್ಜಿನ ಸ್ವಿಚ್ ಆರಿಸಿದರು. ಮಿಟುಕು ಮತ್ತೆ ನಿಧಾನವಾಯಿತು. ಯಂತ್ರ ಉಸ್ಸೆಂದಿತು. ಮಾವನ ಕೈ ಈ ಸಲ ಯಂತ್ರದ ಕಡೆಗೆ ಹೋಗಲಿಲ್ಲ.

“ಬಾಚಣಿಗೆ ಸಿಕ್ಕಿಸ್ಕೊಂಡೇ ಊರಿಗೆಲ್ಲಾ ಬಿಲ್ ಹಂಚ್ತೀಯೇನೇ?” ಎಂದರು ಮಾವ.

ಅವಳು ತಲೆ ಮುಟ್ಟಿ ನೋಡಿಕೊಂಡಳು. ಚೀಲ ತರಲು ಮೆಟ್ಟಿಲಿಳಿಯುತ್ತಲೇ ಹೇಳಿದಳು: “ಮುಂದಿನ ತಿಂಗಳು ಮೀಟರ್ ಓದೋಕೆ ಬಂದಾಗ ಈ ಸದ್ದು ಕೇಳಿಸ್ಬೇಕು ಮಾವ, ಇಲ್ಲಾಂದ್ರೆ ನಾನು ಬೈಗುಳ ಕೇಳೋಳಲ್ಲ, ಬೈಯೋಳು.”