ತಂಗಿಗೆ ಕೊಟ್ಟ ಲಿವರ್

ನನ್ನ ತಂಗಿ ಒಂದು ತೊಟ್ಟೂ ಕುಡಿದವಳಲ್ಲ. ಆದರೂ ಅವಳ ಲಿವರ್ ಕೆಟ್ಟಿದೆ ಅಂತ ಗೊತ್ತಾದಾಗ ಪುಟ್ಟೇನಹಳ್ಳಿಯ ಅವಳ ಅಪಾರ್ಟ್‌ಮೆಂಟಿನ ಆಂಟಿಯರು ಅವಳನ್ನೂ ಅವಳ ಗಂಡನನ್ನೂ ಒಂಥರಾ ನೋಡತೊಡಗಿದರು. ಅವಳ ಮೈಯನ್ನು ಕಾಯಬೇಕಾದ ಕಣಗಳೇ ಅವಳ ಲಿವರನ್ನು ವೈರಿ ಅಂದುಕೊಂಡು ಹಾಳು ಮಾಡಿದ್ದವು. ಕಣ್ಣು ಅರಿಶಿನವಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ಬೇರೆ ಲಿವರ್ ಹಾಕುವುದೊಂದೇ ದಾರಿ ಅಂದರು ಡಾಕ್ಟರು. ಗಂಡನ ರಕ್ತದ ಗುಂಪು ಹೊಂದಲಿಲ್ಲ. ನನ್ನದು ಹೊಂದಿತು.

ನಾನು ಜಯನಗರದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುವವಳು. ಆಪರೇಷನ್ನಿನ ಹಿಂದಿನ ಸಂಜೆ ಅವಳ ಮಂಚದ ಪಕ್ಕ ಕೂತಿದ್ದೆ.

"ಅಕ್ಕ, ಅರ್ಧ ಕೊಯ್ದುಬಿಟ್ರೆ ನಿನಗೇನು ಉಳಿಯುತ್ತೆ?"

"ಉಳಿದದ್ದೇ ಬೆಳೆಯುತ್ತೆ ಕಣೆ. ಲಿವರ್ ಕಡಿಮೆಯಾಯ್ತು ಅಂತ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸ್ತವೆ. ಸುಮ್ಮನೆ ಮಲಗಿದ್ದವೆಲ್ಲ ಎದ್ದು ಒಂದು ಎರಡಾಗ್ತವೆ. ನಿನ್ನೊಳಗೂ ಹಾಗೇ."

"ಸಾಕು ನಿಲ್ಲಿಸಿ ಅಂತ ಯಾರು ಹೇಳ್ತಾರೆ?"

"ಅದಕ್ಕೂ ಬೇರೆ ಸಂಕೇತಗಳಿವೆ. ಮೈಗೆ ಬೇಕಾದಷ್ಟಾದ ಮೇಲೆ ನಿಲ್ಲುತ್ತೆ. ಹೇಗೆ ಅಂತ ಪೂರ್ತಿ ಇನ್ನೂ ಯಾರಿಗೂ ಗೊತ್ತಿಲ್ಲ."

"ನಿನ್ನ ಲಿವರ್ ನನ್ನ ಮಾತು ಕೇಳುತ್ತಾ? ನೀನಂತೂ ಯಾವತ್ತೂ ಕೇಳಿಲ್ಲ" ಅಂತ ನಕ್ಕಳು.

ಕೇಳಿತು. ಮೊದಮೊದಲು ಎಲ್ಲ ಸರಿಯಿತ್ತು. ಕಣ್ಣಿನ ಹಳದಿ ಇಳಿಯಿತು. ವೀಲ್‌ಚೇರಿನಲ್ಲಿ ನನ್ನನ್ನು ಐಸಿಯು ಬಾಗಿಲಿಗೆ ಕರೆದೊಯ್ದಾಗ, ದೋಸೆ ತಿನ್ನಬೇಕು ಅಂತ ಗಾಜಿನಾಚೆಯಿಂದ ಗಾಳಿಯಲ್ಲೇ ದೋಸೆ ಹುಯ್ದು ತೋರಿಸಿದಳು. ಆಮೇಲೆ ಜ್ವರ ಬಂತು. ಹೊಸ ಲಿವರನ್ನು ಮೈ ಒಲ್ಲೆ ಅನ್ನದಿರಲಿ ಅಂತ ಕೊಟ್ಟ ಔಷಧಿ, ಸೋಂಕಿನೆದುರು ಅವಳ ಶಕ್ತಿಯನ್ನೆಲ್ಲ ಕುಗ್ಗಿಸಿತ್ತು. ಸೋಂಕು ರಕ್ತಕ್ಕಿಳಿಯಿತು. ನನ್ನ ಹೊಲಿಗೆ ಬಿಚ್ಚುವ ಮೊದಲೇ ಅವಳು ಹೋಗಿಬಿಟ್ಟಳು.

"ನೀವು ಕೊಟ್ಟ ಭಾಗ ಚೆನ್ನಾಗಿ ಬೆಳೀತಾ ಇತ್ತು ಮೇಡಂ" ಅಂದರು ಡಾಕ್ಟರು, ನೆಲ ನೋಡುತ್ತಾ. ಸಮಾಧಾನಕ್ಕೆ ಹೇಳಿದ್ದು. ಹೇಳದಿದ್ದರೇ ಚೆನ್ನಾಗಿತ್ತು. ಬನಶಂಕರಿಯ ಚಿತಾಗಾರಕ್ಕೆ ಹೋಗಲು ನನ್ನಿಂದಾಗಲಿಲ್ಲ. ಎದ್ದು ನಿಂತರೆ ಗಾಯ ಎಳೆಯುತ್ತಿತ್ತು. ಬೆಳೆಯುತ್ತಿದ್ದ ಆ ತುಂಡೂ ಅವಳ ಜೊತೆ ಬೆಂಕಿಗೆ ಹೋಗುತ್ತದೆ ಅಂತ ಮಲಗಿದಲ್ಲೇ ಯೋಚಿಸುತ್ತಿದ್ದೆ.

ಕೆಲವು ತಿಂಗಳ ಮೇಲೆ ನನಗೆ ಸ್ಕ್ಯಾನಿಂಗ್ ಇತ್ತು. ಬೇಡವೆಂದರೂ ತಂಗಿಯ ಗಂಡ ಜೊತೆಗೆ ಬಂದ. ಒಳಗಿದ್ದ ಡಾಕ್ಟರ್ ಚಿಕ್ಕ ವಯಸ್ಸಿನವಳು, ನನ್ನ ಕಥೆ ಗೊತ್ತಿರಲಿಲ್ಲ. ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು.

"ಸಖತ್ತಾಗಿ ಬೆಳೆದಿದೆ ಮೇಡಂ, ಹೆಚ್ಚುಕಡಿಮೆ ಮೊದಲಿನಷ್ಟೇ! ಯಾರಿಗೆ ಕೊಟ್ರಿ?"

"ತಂಗಿಗೆ."

"ಹೇಗಿದ್ದಾರೆ ಈಗ?"

"ಇಲ್ಲ" ಅಂದೆ.

ಸಾಮಾನ್ಯವಾಗಿ ಟಿಶ್ಯೂ ಕೈಗೆ ಕೊಟ್ಟು ಒರೆಸಿಕೊಳ್ಳಿ ಅಂತಾರೆ. ಅವಳು ತಾನೇ ನನ್ನ ಹೊಟ್ಟೆಯ ಮೇಲಿನ ಜೆಲ್ಲನ್ನೆಲ್ಲ ನಿಧಾನವಾಗಿ ಒರೆಸಿದಳು.

ಹೊರಗೆ ಅವನು ಎದ್ದು ನಿಂತ. "ಏನಂದ್ರು ಅಕ್ಕ?"

"ಪೂರ್ತಿ ಬೆಳೆದಿದೆಯಂತೆ."

"ಒಳ್ಳೇದಾಯ್ತು" ಅಂದ. ಇನ್ನೊಂದು ಸಲ "ಒಳ್ಳೇದಾಯ್ತು ಅಕ್ಕ" ಅಂದವನು ಕುರ್ಚಿಯ ಮೇಲೆ ಕುಸಿದು ಕೂತು, ಅಷ್ಟು ಜನರ ನಡುವೆ ದನಿ ತೆಗೆದು ಅತ್ತ. ನಾನು ಪಕ್ಕದಲ್ಲಿ ಕೂತೆ.